ಜೀಪಿನ ಸದ್ದು: ಹುಟ್ಟುಗುಣವೋ, ರೋಗವೋ?

ತಳೇಗಾಂವ ದಾಭಾಡೆ ಎಂದೊಡನೆ ಇತಿಹಾಸ ಬಲ್ಲವರಿಗೆ ನೆನಪಾಗುವುದು ಮರಾಠರ ಸೇನಾಪತಿಗಳಾಗಿದ್ದ ದಾಭಾಡೆ ಮನೆತನ. ಖಂಡೇರಾವ್ ದಾಭಾಡೆಯವರ ಮಗ ತ್ರಿಂಬಕರಾವ್ ೧೭೩೧ರಲ್ಲಿ ಡಭೋಯಿಯ ಕಾಳಗದಲ್ಲಿ ಬಾಜೀರಾಯನ ಸೈನ್ಯವನ್ನು ಎದುರಿಸಿ ಮಡಿದರು. ಅದು ಕುದುರೆಗಳ ಕಾಲ. ಗೊರಸಿನ ಸದ್ದಿನಲ್ಲೇ ಲಾಳ ಸಡಿಲವಾದದ್ದನ್ನು ಗುರುತಿಸಬಲ್ಲವನೇ ಒಳ್ಳೆಯ ಸವಾರ. ಅದೇ ಮಾವಳ ಸೀಮೆಯ ಏರುದಾರಿಗಳಿಗೆ ಮುಂದೆ ಕುದುರೆಯ ಬದಲು ಜೀಪು ಬಂದಿತು. ಸವಾರಿ ಬದಲಾದರೂ ಕಿವಿಯ ಕೆಲಸ ತಪ್ಪಲಿಲ್ಲ.

ನಮ್ಮ ಕನ್ನಡ ಬಳಗದಲ್ಲಿ ಕೊಡಗು, ಮಲೆನಾಡಿನ ಕಡೆಯವರಿಗೆ ಜೀಪಿನ ಪರಿಚಯ ಹೇಳಬೇಕಾಗಿಲ್ಲ. ಕಾಫಿ ತೋಟದ ಜೀಪು ಅಲ್ಲಿ ಮನೆಯವರಲ್ಲೊಬ್ಬ. ಆದರೆ ಹಳೆಯ ಜೀಪು ಸದ್ದು ಮಾಡಿದಾಗ ಜನರಲ್ಲಿ ಎರಡು ಪಂಗಡಗಳಾಗುತ್ತವೆ. ಒಂದು ಪಂಗಡ ಕೂಡಲೇ ಗೇರ್ ಬಾಕ್ಸ್ ಬಿಚ್ಚಿಸುತ್ತದೆ. ಇನ್ನೊಂದು "ಜೀಪು ಅಂದ್ಮೇಲೆ ಸದ್ದು ಇದ್ದದ್ದೇ" ಎಂದು ಸುಮ್ಮನಾಗುತ್ತದೆ. ಮೊದಲಿನವರಿಗೆ ಹಣ ನಷ್ಟ. ಎರಡನೆಯವರಿಗೆ ಘಾಟಿಯಲ್ಲಿ ಪ್ರಾಣಾಪಾಯವೂ ಉಂಟು. ಗುಮಾಸ್ತಿಕೆಯಲ್ಲಿ ನಾವು ಕಲಿತ ಪಾಠವೊಂದಿದೆ: ಹಿಂದಿನ ಟಿಪ್ಪಣಿ ಓದದೆ ಕಡತದ ಮೇಲೆ ಷರಾ ಬರೆಯಬಾರದು. ಜೀಪಿನ ಹಿಂದಿನ ಟಿಪ್ಪಣಿಯೆಂದರೆ ಅದರ ಇತಿಹಾಸ.

ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಶಕ್ತಿ ಕೊಡುವ ಯೋಚನೆ ಹಳೆಯದು. ೧೯೦೩ರಲ್ಲೇ ಹಾಲೆಂಡಿನ ಸ್ಪೈಕರ್ ಸೋದರರು ಅಂಥ ಕಾರನ್ನು ಕಟ್ಟಿದ್ದರು. ತೊಡಕು ಇದ್ದದ್ದು ಮುಂದಿನ ಗಾಲಿಗಳಲ್ಲಿ. ಅವು ಶಕ್ತಿಯಿಂದ ಉರುಳಲೂಬೇಕು, ಸ್ಟಿಯರಿಂಗಿಗೆ ತಕ್ಕಂತೆ ಹೊರಳಲೂಬೇಕು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಆಟೊ ಜಾಕೋವ್ ಮತ್ತು ವಿಲಿಯಂ ಬೆಸರ್ಡಿಕ್ ಎಂಬ ಭಾವಮೈದುನರು ಇದಕ್ಕೊಂದು ಕೀಲು ಕಂಡುಹಿಡಿದು ೧೯೦೮ರಲ್ಲಿ ಪೇಟೆಂಟ್ ಪಡೆದರು.

ಶಾಫ್ಟುಗಳನ್ನು ಓರೆಯಾಗಿ ಜೋಡಿಸುವ ಕೀಲಿಗೆ ಇನ್ನೂ ಹಿಂದಿನ ಚರಿತ್ರೆಯಿದೆ. ನಾವು ಬಿ.ಎಸ್‌ಸಿ.ಯಲ್ಲಿ ಸ್ಪ್ರಿಂಗಿನ ನಿಯಮದಲ್ಲಿ ಓದಿದ ರಾಬರ್ಟ್ ಹುಕ್ ಹದಿನೇಳನೆಯ ಶತಮಾನದಲ್ಲಿ ಅದನ್ನು ವಿವರಿಸಿದ್ದ. ಗ್ಯಾರೇಜಿನವರು 'ಕ್ರಾಸ್' ಎನ್ನುವುದು ಇದರ ನಡುವಿನ ಶಿಲುಬೆಯಾಕಾರದ ತುಂಡನ್ನೇ. ಇದಕ್ಕೊಂದು ವಿಚಿತ್ರ ಗುಣವಿದೆ: ಓರೆಯಾಗಿ ತಿರುಗುವಾಗ ಪ್ರತಿ ಸುತ್ತಿನಲ್ಲೂ ಎರಡು ಬಾರಿ ವೇಗ ಏರಿ ಇಳಿಯುತ್ತದೆ. ಒಂದು ಕೀಲಿನ ಏರಿಳಿತವನ್ನು ಇನ್ನೊಂದು ಸರಿದೂಗಿಸಲೆಂದೇ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಗೂ ಕ್ರಾಸ್ ಇಟ್ಟಿದ್ದಾರೆ. ಶಾಫ್ಟನ್ನು ಬಿಚ್ಚಿದವನು ಎರಡು ತುದಿಗಳ ನೇರ ನೋಡದೆ ಮತ್ತೆ ತೊಡಿಸಿದರೆ ಗಾಡಿ ನಡುಗುತ್ತದೆ. ಯಾವ ಭಾಗವೂ ಸವೆದಿರಬೇಕಾಗಿಲ್ಲ.

ಇನ್ನು ಜೀಪಿನ ಜನ್ಮಕ್ಕೆ ಬರೋಣ. ೧೯೪೦ರಲ್ಲಿ ಅಮೆರಿಕದ ಸೈನ್ಯಕ್ಕೆ ಹಗುರವಾದ ಗಾಡಿಯೊಂದು ತುರ್ತಾಗಿ ಬೇಕಾಯಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಆ ವರ್ಷ ಸೆಪ್ಟೆಂಬರ್ ೨೩ರಂದು ಮೊದಲ ಮಾದರಿಯನ್ನು ಒಪ್ಪಿಸಿತು. ಬಳಿಕ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಸುಮಾರು ೬.೪ ಲಕ್ಷ ಜೀಪುಗಳನ್ನು ತಯಾರಿಸಿದವು. ಗಟ್ಟಿತನ, ಹಗುರ, ಬಯಲಿನಲ್ಲೇ ರಿಪೇರಿ ಮಾಡುವ ಅನುಕೂಲ, ಇವಿಷ್ಟೇ ಬೇಕಾಗಿದ್ದವು. ನಿಶ್ಶಬ್ದವನ್ನು ಯಾರೂ ಕೇಳಿರಲಿಲ್ಲ. ಯುದ್ಧಾನಂತರ ಮಹೀಂದ್ರಾ ಕಂಪನಿ ಮುಂಬಯಿಯ ಮಝಗಾಂವದಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ನಮ್ಮ ಸೈನ್ಯಕ್ಕೆ ಜಬಲ್ಪುರದಲ್ಲಿ ನಿಸ್ಸಾನ್ ಮಾದರಿಯ ಜೋಂಗಾ ೧೯೬೯ರಿಂದ ೧೯೯೯ರವರೆಗೆ ತಯಾರಾಯಿತು.

ಈ ಹಿನ್ನೆಲೆ ತಿಳಿದರೆ ಹುಟ್ಟುಗುಣದ ಸದ್ದು ಯಾವುದೆಂದು ಗೊತ್ತಾಗುತ್ತದೆ. ಹಳೆಯ ವಿಲ್ಲೀಸ್ ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ, ಹಿಂದಿನ ಎರಡು ಗಾಲಿಗಳಷ್ಟೇ ಎಳೆಯುವಾಗಲೂ ಶಕ್ತಿ ಹಲ್ಲುಚಕ್ರಗಳನ್ನು ದಾಟಿಯೇ ಹೋಗಬೇಕು. ಅಲ್ಲಿ ಸಣ್ಣ ಗುಂಯ್‌ಗುಟ್ಟುವಿಕೆ ಸಹಜ. ಒಂದನೆಯ ಗೇರು ಮತ್ತು ರಿವರ್ಸ್ ಗೇರುಗಳ ಹಲ್ಲು ನೇರವಾಗಿರುವುದರಿಂದ ಅವು ಕೂಗುವುದೂ ಸಹಜ. ದಪ್ಪ ಹಲ್ಲಿನ ಟೈರು ಡಾಂಬರಿನ ಮೇಲೆ ಗುನುಗುತ್ತದೆ. ಮಣ್ಣಿನ ದಾರಿಗೆ ಇಳಿದರೆ ಸ್ವರ ಬದಲಾಗುತ್ತದೆ. ಇವಕ್ಕೆ ಔಷಧ ಬೇಡ.

ರೋಗದ ಸದ್ದುಗಳು ಬೇರೆ. ನಿಧಾನವಾಗಿ ಹೋಗುವಾಗ ಗುಬ್ಬಚ್ಚಿಯಂತೆ ಚಿಂವ್‌ಚಿಂವ್ ಎಂದರೆ ಕ್ರಾಸಿನ ಬೇರಿಂಗಿನಲ್ಲಿ ಗ್ರೀಸ್ ಒಣಗಿರಬಹುದು. ಕ್ಲಚ್ ಬಿಟ್ಟೊಡನೆ 'ಢಣ್' ಎಂದರೆ ಅದೇ ಕ್ರಾಸ್ ಸವೆದಿದೆಯೋ ಎಂದು ಮೊದಲು ನೋಡಬೇಕು. ಆಕ್ಸಿಲರೇಟರ್ ಒತ್ತಿದಾಗ ಊಳಿಟ್ಟು, ಕಾಲು ತೆಗೆದಾಗ ಸ್ವರ ಬದಲಾದರೆ ಸಂಶಯ ಕ್ರೌನ್-ಪಿನಿಯನ್ ಮತ್ತು ಅದರ ಬೇರಿಂಗುಗಳ ಮೇಲೆ. ತಿರುವಿನಲ್ಲಿ ಗೊರಗೊರ ಹೆಚ್ಚಿದರೆ ಗಾಲಿಯ ಬೇರಿಂಗು. ಎಡಕ್ಕೆ ತಿರುಗುವಾಗ ಭಾರ ಬಲಗಾಲಿಯ ಮೇಲೆ ಬೀಳುತ್ತದೆಂಬುದನ್ನು ನೆನಪಿಡಬೇಕು. ನಿಂತ ಗಾಡಿಯಲ್ಲಿ, ನ್ಯೂಟ್ರಲ್ಲಿನಲ್ಲಿ ಕೇಳುವ ಸದ್ದು ಕ್ಲಚ್ ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗು. ಒತ್ತಿದಾಗ ಮಾತ್ರ ಬಂದರೆ ಕ್ಲಚ್ಚಿನ ಬೇರಿಂಗು.

ಇಲ್ಲಿ ಸ್ವಲ್ಪ ಲೆಕ್ಕವೂ ನೆರವಾಗುತ್ತದೆ. ಯುದ್ಧಕಾಲದ ಜೀಪಿನಲ್ಲಿ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟು ೪.೮೮ ಸುತ್ತು ತಿರುಗುತ್ತದೆ, ಸಿಜೆ-೩ಬಿಯಲ್ಲಿ ೫.೩೮. ಆದ್ದರಿಂದ ನಿಧಾನವಾದ ಲಯದಲ್ಲಿ ಬಡಿಯುವುದು ಗಾಲಿಯ ಕಡೆಯದು. ಅದರ ಐದರಷ್ಟು ಬೇಗ ಬಡಿಯುವುದು ಶಾಫ್ಟಿನದು. ಒಂದು ಸ್ಪ್ಯಾನರ್ ಹಿಡಿಯುವ ಮೊದಲೇ ಅರ್ಧ ಗಾಡಿಯನ್ನು ಸಂಶಯದಿಂದ ಬಿಡಬಹುದು.

ಇನ್ನೊಂದು 'ರೋಗ' ಚಾಲಕನೇ ತಂದುಕೊಳ್ಳುವಂಥದು. ಈ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹೆಚ್ಚು ದೂರ ಸಾಗಬೇಕು. ಕೆಸರಿನಲ್ಲಿ ಜಾರಿ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರುವುದಿಲ್ಲ. ಒತ್ತಡ ಒಳಗೇ ಹುರಿಗೊಂಡು ಗಾಡಿ ಬಿಗಿಯುತ್ತದೆ, 'ಢಬ್' ಎನ್ನುತ್ತದೆ, ಲಿವರ್ ಕದಲುವುದಿಲ್ಲ. ಸ್ವಲ್ಪ ದೂರ ನೇರವಾಗಿ ಹಿಂದಕ್ಕೆ ಓಡಿಸಿದರೆ ಸಾಮಾನ್ಯವಾಗಿ ಬಿಡುತ್ತದೆ. ಒಣ ರಸ್ತೆಯಲ್ಲಿ ನಾಲ್ಕು ಗಾಲಿಯ ಚಾಲನೆ ಬೇಡವೆಂಬ ಹಿರಿಯರ ಮಾತಿಗೆ ಇದೇ ಕಾರಣ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಯುದ್ಧಕಾಲದ ಜೀಪಿನಲ್ಲೂ ಸಿಜೆ-೩ಬಿಯಲ್ಲೂ ಹ್ಯಾಂಡ್ ಬ್ರೇಕು ಗಾಲಿಗಳ ಮೇಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಶಾಫ್ಟಿನ ಮೇಲಿದೆ. ಹಿಂದಿನ ಕ್ರಾಸ್ ಮುರಿದು ಶಾಫ್ಟು ಕಳಚಿದರೆ, ಎರಡು ಗಾಲಿಯ ಚಾಲನೆಯಲ್ಲಿರುವ ಗಾಡಿಗೆ ಎಳೆತವೂ ಇಲ್ಲ, ಹ್ಯಾಂಡ್ ಬ್ರೇಕೂ ಇಲ್ಲ. ಖಂಡಾಳಾ ಘಾಟಿಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಸಣ್ಣ 'ಢಣ್' ಸದ್ದನ್ನು ಅಲಕ್ಷಿಸಬಾರದೆನ್ನುವುದು ಇದಕ್ಕಾಗಿಯೇ. ಪರೀಕ್ಷೆ ಸುಲಭ: ಸಮತಟ್ಟಾದ ಜಾಗದಲ್ಲಿ ಎಂಜಿನ್ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಕ್ರಾಸಿನ ಎರಡೂ ಬದಿ ಹಿಡಿದು ಶಾಫ್ಟನ್ನು ತಿರುಚಿ ನೋಡಿ. ಕೀಲಿನಲ್ಲಿ ಆಟವಿದ್ದರೆ ಬದಲಾಯಿಸಿ. ಗಾಡಿಯನ್ನು ಜ್ಯಾಕಿನ ಮೇಲೆತ್ತಿ ಎಂಜಿನ್ ಓಡಿಸುವ ಸಾಹಸ ಮಾತ್ರ ಬೇಡ. ನೆಲದ ಮೇಲಿರುವ ಗಾಲಿ ಎಳೆದು ಗಾಡಿ ಜ್ಯಾಕಿನಿಂದ ಹಾರಬಹುದು.

ತಳೇಗಾಂವದಲ್ಲಿ ೨೦೦೮ರಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆ ಶುರುವಾಯಿತು, ೨೦೨೦ರಲ್ಲಿ ಉತ್ಪಾದನೆ ನಿಲ್ಲಿಸಿತು. ಆಮೇಲೆ ಹ್ಯುಂಡೈ ಅದನ್ನು ಕೊಂಡಿತು. ಹೊಸ ಕಾರುಗಳಲ್ಲಿ ತೊಂದರೆಯಾದರೆ ದೀಪ ಹೊತ್ತುತ್ತದೆ. ಹಳೆಯ ಜೀಪಿಗೆ ದೀಪವಿಲ್ಲ, ಸದ್ದೇ ಅದರ ಅರ್ಜಿ. ಅದನ್ನು ಓದಬಲ್ಲ ಮೇಸ್ತ್ರಿಗಳು ಇಲ್ಲಿಯೂ ನಮ್ಮ ಊರುಗಳಲ್ಲಿಯೂ ವಯಸ್ಸಾದವರು. ರಜೆಯಲ್ಲಿ ಊರಿಗೆ ಹೋದಾಗ ಅಂಥವರೊಬ್ಬರನ್ನು ಜೀಪಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಬನ್ನಿ. ಮಕ್ಕಳೂ ಹಿಂದೆ ಕೂತು ಕೇಳಿಸಿಕೊಳ್ಳಲಿ.