ಡ್ರೈವರ್ ಖುಲಾಸೆಯಾದ, ಪರಿಹಾರ ಮಾತ್ರ ತಪ್ಪಲಿಲ್ಲ!

"ಕ್ರಿಮಿನಲ್ ಕೋರ್ಟೇ ಡ್ರೈವರನ್ನ ಬಿಟ್ಟ ಮೇಲೆ ಇನ್ನೆಲ್ಲಿಯ ಪರಿಹಾರ?" ಅಂತ ಕೈಚೆಲ್ಲಿ ಕೂರುವವರು ನಮ್ಮ ಮುಂಬಯಿ ಕನ್ನಡಿಗರಲ್ಲೂ ಬೇಕಾದಷ್ಟಿದ್ದಾರೆ. ಅವರಿಗಾಗಿ ಈ ಹಳೇ ಕಥೆ.

1940ರಲ್ಲಿ ಇಂಗ್ಲೆಂಡಿನಲ್ಲಿ ಎರಡು ಕಾರು ಡಿಕ್ಕಿ ಹೊಡೆದವು. ಒಬ್ಬ ಚಾಲಕನಿಗೆ ಅಜಾಗರೂಕ ಚಾಲನೆಗೆ ಶಿಕ್ಷೆಯೂ ಆಯಿತು. ಇನ್ನೊಂದು ಕಾರು ಓಡಿಸುತ್ತಿದ್ದ ಹುಡುಗ ಸಿವಿಲ್ ದಾವೆ ವಿಚಾರಣೆಗೆ ಬರುವ ಮುಂಚೆಯೇ ತೀರಿಕೊಂಡ. ಸಾಕ್ಷಿ ಹೇಳುವವರಿಲ್ಲ. ಆ ಶಿಕ್ಷೆಯ ತೀರ್ಪನ್ನೇ ಪುರಾವೆಯಾಗಿ ತೆಗೆದುಕೊಳ್ಳಿ ಎಂದರೆ, 1943ರಲ್ಲಿ ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. ಅದು ಇನ್ನೊಂದು ಕೋರ್ಟಿನ ಅಭಿಪ್ರಾಯವಷ್ಟೇ ಅಂತೆ! ಇದೇ ಹಾಲಿಂಗ್ಟನ್ ಮೊಕದ್ದಮೆ. ಇದನ್ನು ಸರಿಪಡಿಸಲು ಇಂಗ್ಲೆಂಡಿಗೆ 1968ರ ಕಾಯ್ದೆಯೇ ಬೇಕಾಯಿತು.

ನಮ್ಮಲ್ಲಿ 1872ರ ಸಾಕ್ಷ್ಯ ಕಾಯ್ದೆಯಲ್ಲೂ ಸಾಮಾನ್ಯವಾಗಿ ಇನ್ನೊಂದು ಕೋರ್ಟಿನ ತೀರ್ಪು ಪುರಾವೆಯಾಗುತ್ತಿರಲಿಲ್ಲ. ಆದರೆ ನೋಡಿ, ಈ ಕತ್ತಿಗೆ ಎರಡೂ ಕಡೆ ಅಲಗು. ಶಿಕ್ಷೆಯಾದ ತೀರ್ಪು ಕೆಲಸಕ್ಕೆ ಬಾರದಿದ್ದರೆ ಖುಲಾಸೆಯ ತೀರ್ಪೂ ಬರಬಾರದಲ್ಲವೇ? 1980ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಎನ್.ಕೆ.ವಿ. ಬ್ರದರ್ಸ್ ಪ್ರಕರಣ ಇಂಥದ್ದೇ. ಕತ್ತಲಾದ ಮೇಲೆ ಹೊರಟಿದ್ದ ಬಸ್ಸು, ಜೋತುಬಿದ್ದ ಹೈಟೆನ್ಶನ್ ತಂತಿಗೆ ತಗುಲಿತು. 26 ಮಂದಿ ಸಾವುನೋವಿಗೀಡಾದರು, ಅವರಲ್ಲಿ 8 ಜನ ಸ್ಥಳದಲ್ಲೇ ಸತ್ತರು. ದೈವೇಚ್ಛೆ ಎಂದು ಕ್ರಿಮಿನಲ್ ಕೋರ್ಟು ಡ್ರೈವರನ್ನು ಬಿಟ್ಟಿತು. ಪರಿಹಾರದ ಟ್ರಿಬ್ಯೂನಲ್ ಮಾತ್ರ, ಮುಂದೆ ತಂತಿಯಿದೆ ಎಂದು ಪ್ರಯಾಣಿಕರು ಕೂಗಿಕೊಂಡರೂ ಆತ ಬಸ್ಸು ನುಗ್ಗಿಸಿದ ಎಂದು ಕಂಡುಕೊಂಡಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಮಾಲೀಕರ ವಾದ ತಳ್ಳಿಹಾಕಿದರು. ಜೈಲಿಗೆ ಕಳಿಸುವಷ್ಟು ದುಡುಕು ಬೇರೆ, ಪರಿಹಾರ ಕೊಡಿಸುವಷ್ಟು ನಿರ್ಲಕ್ಷ್ಯ ಬೇರೆ. ಮೊದಲನೆಯದಕ್ಕೆ ಸಂಶಯಾತೀತ ಪುರಾವೆ ಬೇಕು, ಎರಡನೆಯದಕ್ಕೆ ಹೀಗೇ ನಡೆದಿರುವ ಸಂಭವ ಹೆಚ್ಚು ಎನಿಸಿದರೆ ಸಾಕು. ನನಗಂತೂ ಇಡೀ ಕಥೆಯ ಗಟ್ಟಿ ಕಾಳು ಇದೇ.

ಹಾಗಂತ ಪೊಲೀಸ್ ಕಾಗದಗಳನ್ನು ಕಸದ ಬುಟ್ಟಿಗೆ ಹಾಕಬೇಡಿ. ಎಫ್‌ಐಆರ್, ಚಾರ್ಜ್‌ಶೀಟ್, ಗಾಡಿಯ ತಪಾಸಣಾ ವರದಿ, ಘಟನಾ ಸ್ಥಳದ ನಕ್ಷೆ ಎಲ್ಲವನ್ನೂ ಟ್ರಿಬ್ಯೂನಲ್ ನೋಡುತ್ತದೆ. 1994ರ ತಿದ್ದುಪಡಿ ಬಂದ ಮೇಲಂತೂ ಅಪಘಾತದ ವರದಿಯನ್ನು ಪೊಲೀಸರೇ ಟ್ರಿಬ್ಯೂನಲ್‌ಗೆ ಕಳಿಸಬೇಕು, ಅದನ್ನೇ ಅರ್ಜಿಯಾಗಿ ಪರಿಗಣಿಸಬೇಕು. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದ್ದರೂ ತೀರ್ಪಿನ ಕುರಿತ ಆ ನಿಯಮ ಹಾಗೇ ಉಳಿದಿದೆ.

ಅಂದಹಾಗೆ, ಮೈಸೂರು ಕಡೆಯವರು ಇಲ್ಲಿನ ಸ್ಟೇಷನ್ನಿನಲ್ಲಿ "ಮಹಜರಿನ ಪ್ರತಿ ಕೊಡಿ" ಅಂದರೆ ಪೊಲೀಸರು ಕಣ್ಣುಕಣ್ಣು ಬಿಟ್ಟಾರು. ಇಲ್ಲಿ ಅದು ಪಂಚನಾಮಾ!