ಬೋರ್ಡಿನ ದಪ್ಪಕ್ಷರ ಎಲ್ಲಿಂದ ಬಂತು?

ಮಾಗಡಿ ಕಡೆಯವರಿಗೆ ಬೆಂಗಳೂರು ಎಂದರೆ ಮೊದಲು ಮಾಗಡಿ ರಸ್ತೆ. ರಾಮನಗರ, ಚನ್ನಪಟ್ಟಣ, ಮಂಡ್ಯ ಕಡೆಯವರಿಗೆ ಕೆಂಗೇರಿ. ಊರು ಬಂತು ಅಂತ ಹೇಳುವುದೇ ಅಲ್ಲಿನ ಬೋರ್ಡುಗಳು. ಆಸ್ಪತ್ರೆ, ಔಷಧಿ ಅಂಗಡಿ, ಚಿನ್ನದ ಸಾಲ, ದರ್ಶಿನಿ ಎಲ್ಲವೂ ದಪ್ಪ ಅಕ್ಷರದಲ್ಲೇ ಕರೆಯುತ್ತವೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಎಲ್ಲಿ ಹೋದರೂ ಇದೇ. ಆದರೆ ಅಚ್ಚಿನ ಲೋಕದಲ್ಲಿ ಈ ದಪ್ಪಕ್ಷರಕ್ಕೆ ಹೆಚ್ಚು ವಯಸ್ಸಾಗಿಲ್ಲ. ಇನ್ನೂರು ವರ್ಷದ ಆಚೀಚೆ, ಅಷ್ಟೇ.

ಅದಕ್ಕೂ ಮೊದಲು ಅಚ್ಚಿನ ಅಕ್ಷರ ಇದ್ದದ್ದು ಮುಖ್ಯವಾಗಿ ಪುಸ್ತಕಕ್ಕೆ. ಒಂದು ಮಾತಿಗೆ ಒತ್ತು ಕೊಡಬೇಕಾದರೆ ದೊಡ್ಡದಾಗಿಯೋ ಓರೆಯಾಗಿಯೋ ಅಚ್ಚು ಹಾಕುತ್ತಿದ್ದರು. ಇಂಗ್ಲೆಂಡಿನಲ್ಲಿ ಕಾರ್ಖಾನೆ, ಅಂಗಡಿ, ಜಾಹೀರಾತು ಹೆಚ್ಚಿದಾಗ ಗೋಡೆ ಮೇಲಿಂದ ಕೂಗುವ ಅಕ್ಷರ ಬೇಕಾಯಿತು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಪೋಸ್ಟರುಗಳಿಗೆ ಬಲು ದಪ್ಪ ಅಕ್ಷರ ಬಂದವು. 1845ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯ ರಾಬರ್ಟ್ ಬೆಸ್ಲಿ ‘ಕ್ಲಾರೆಂಡನ್’ ಎಂಬ ಅಕ್ಷರವನ್ನು ನೋಂದಾಯಿಸಿದರು.

ಇಂಗ್ಲಿಷ್ ಅಕ್ಷರದ ಗೆರೆಗಳ ತುದಿಯಲ್ಲಿ ಚಿಕ್ಕ ಪಾದದಂಥ ಗೆರೆ ಇರುತ್ತದೆ. ಅದಕ್ಕೆ ಸೆರಿಫ್ ಎನ್ನುತ್ತಾರೆ. ಕ್ಲಾರೆಂಡನ್‌ನಲ್ಲಿ ಆ ಪಾದವೂ ದಪ್ಪ, ಮೈಗೆ ಬಾಗಿ ಸೇರಿಕೊಂಡಿರುತ್ತದೆ. ಸಣ್ಣ ಗೆರೆಗೂ ದಪ್ಪ ಗೆರೆಗೂ ಹೆಚ್ಚು ಅಂತರವಿಲ್ಲ. ಮಾಮೂಲಿ ಅಕ್ಷರದ ಜೊತೆ ಒಂದೇ ಸಾಲಿನಲ್ಲಿ ಹೊಂದಿಕೊಂಡು ಕೂರುತ್ತಿತ್ತು. ಹಾಗಾಗಿ ನಿಘಂಟಿನಲ್ಲಿ ಪದ ಎದ್ದು ಕಾಣಲು ಅನುಕೂಲವಾಯಿತು. ಮೂರು ವರ್ಷದ ಹಕ್ಕು ಮುಗಿದದ್ದೇ ತಡ, ಬೇರೆ ಫೌಂಡ್ರಿಗಳೂ ಅದರಂಥದ್ದನ್ನು ಎರಕ ಹೊಯ್ದವು. ಮುಂದೆ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ರಸ್ತೆ ಫಲಕದವರೆಗೂ ಅದು ನಡೆದು ಹೋಯಿತು.

ಅದೇ ಹೊತ್ತಿನಲ್ಲಿ ಕನ್ನಡ ಏನು ಮಾಡುತ್ತಿತ್ತು? 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು. ಅದು ಕಲ್ಲಚ್ಚಿನಲ್ಲಿ ಮುದ್ರಣವಾದ ಪತ್ರಿಕೆ. ಕೈಯಲ್ಲಿ ಬರೆದದ್ದೇ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತಿತ್ತು, ಬರೆಯುವವನ ಕೈ ಎಷ್ಟು ದಪ್ಪವೋ ಅಕ್ಷರ ಅಷ್ಟು ದಪ್ಪ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಅಚ್ಚುಮೊಳೆಯಲ್ಲಿ ಬರತೊಡಗಿತು.

ಅಚ್ಚುಮೊಳೆ ಎಂದರೆ ಸೀಸದಲ್ಲಿ ಎರಕ ಹೊಯ್ದ ಬಿಡಿ ಅಕ್ಷರ. ಇಂಗ್ಲಿಷಿಗೆ ಸಣ್ಣದು ದೊಡ್ಡದು ಸೇರಿ ಐವತ್ತೆರಡು ಅಕ್ಷರ. ಕನ್ನಡಕ್ಕೆ ಕಾಗುಣಿತ ಬೇರೆ, ಒತ್ತಕ್ಷರ ಬೇರೆ. ಮೊಳೆಗಳು ನೂರಾರು. ದಪ್ಪಕ್ಷರ ಬೇಕೆಂದರೆ ಅಷ್ಟನ್ನೂ ಮತ್ತೆ ಮೊದಲಿನಿಂದ ಮಾಡಬೇಕು.

ಇನ್ನೊಂದು ವಿಷಯ. ಕನ್ನಡದ ತಲೆಕಟ್ಟನ್ನು ನೋಡಿ ಇದೂ ಸೆರಿಫ್ ಅಲ್ಲವೇ ಎಂದು ಅನ್ನಿಸಬಹುದು. ಅಲ್ಲ. ಇಂಗ್ಲಿಷಿನ ಪಾದ ತೆಗೆದರೂ ಅಕ್ಷರ ಅದೇ ಉಳಿಯುತ್ತದೆ. ನಮ್ಮ ‘ಕ’ದ ತಲೆಕಟ್ಟು ತೆಗೆದು ಗುಡಿಸು ಹಾಕಿದರೆ ‘ಕಿ’, ಎತ್ವ ಹಾಕಿದರೆ ‘ಕೆ’. ಅಲ್ಲಿ ಅಲಂಕಾರ, ಇಲ್ಲಿ ಅರ್ಥ. ಆದ್ದರಿಂದ ಇಂಗ್ಲಿಷ್ ಅಕ್ಷರವನ್ನು ದಪ್ಪ ಮಾಡಿದ ಲೆಕ್ಕದಲ್ಲೇ ಕನ್ನಡವನ್ನು ದಪ್ಪ ಮಾಡಲು ಬರುವುದಿಲ್ಲ.

ಶಾಲೆಯಲ್ಲಿ ಮೇಷ್ಟ್ರು ಮಹಾಪ್ರಾಣಕ್ಕೆ ‘ಹೊಟ್ಟೆ ಸೀಳು’ ಎನ್ನುತ್ತಿದ್ದದ್ದು ನೆನಪಿದೆಯೇ? ಆ ಸೀಳು ಇದ್ದರೆ ‘ಧನ’, ಮುಚ್ಚಿಹೋದರೆ ‘ದನ’. ‘ಪ’ದೊಳಗೊಂದು ಗೆರೆ ಕಂಡರೆ ‘ಷ’, ಕಾಣದಿದ್ದರೆ ‘ಪ’. ಗೆರೆ ದಪ್ಪವಾದಷ್ಟೂ ಒಳಗಿನ ಜಾಗ ಕಿರಿದಾಗುತ್ತದೆ. ಕೆಳಗಿನ ಒತ್ತಕ್ಷರ ಇನ್ನೂ ಚಿಕ್ಕದು, ಮೊದಲು ಮಸಿಮುದ್ದೆಯಾಗುವುದೇ ಅದು.

ಕುಂಚ ಹಿಡಿದು ಬೋರ್ಡು ಬರೆಯುವವರಿಗೆ ಇದು ಗೊತ್ತು. ಗೆರೆ ದಪ್ಪ ಮಾಡಿದರೆ ಅಕ್ಷರವನ್ನೂ ಅಗಲ ಮಾಡುತ್ತಾರೆ, ಒತ್ತಿಗೆ ಜಾಗ ಬಿಡುತ್ತಾರೆ. ಕಂಪ್ಯೂಟರಿಗೆ ಆ ಕಣ್ಣಿಲ್ಲ. ಫಾಂಟಿನಲ್ಲಿ ದಪ್ಪ ರೂಪ ಇಲ್ಲದಿದ್ದಾಗ ‘ಬೋಲ್ಡ್’ ಒತ್ತಿದರೆ, ಅದು ಇದ್ದ ಗೆರೆಯನ್ನೇ ಹಿಗ್ಗಿಸಿ ಬಿಡುತ್ತದೆ. ಸೀಳು ಮುಚ್ಚುತ್ತದೆ. ಹಾಗಂತ ದಾರಿ ಇಲ್ಲದಿಲ್ಲ. ಗೂಗಲ್‌ನ ‘ನೋಟೊ ಸೆರಿಫ್ ಕನ್ನಡ’ದಲ್ಲಿ ತೆಳುವಿನಿಂದ ಬಲು ದಪ್ಪದವರೆಗೆ ಬೇರೆ ಬೇರೆ ರೂಪಗಳಿವೆ. ಮುಂಬೈನ ಏಕ್ ಟೈಪ್‌ನವರ ‘ಬಾಲೂ ತಮ್ಮ’ ಶೀರ್ಷಿಕೆಗೆಂದೇ ಆದ ದುಂಡು ದಪ್ಪಕ್ಷರ. ಎರಡೂ ಪುಕ್ಕಟೆ ಸಿಗುತ್ತವೆ.

ಇದನ್ನು ಈಗ ಹೇಳಲು ಕಾರಣವಿದೆ. 2024ರ ತಿದ್ದುಪಡಿ ಕಾಯ್ದೆಯ ಪ್ರಕಾರ ನಾಮಫಲಕದ ಶೇ 60ರಷ್ಟು ಭಾಗ ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಒಳ್ಳೆಯದೇ. ಆದರೆ ಶೇ 60 ಎಂಬುದು ಜಾಗದ ಅಳತೆ, ಓದಲು ಬರುತ್ತದೋ ಇಲ್ಲವೋ ಎಂಬುದರ ಅಳತೆಯಲ್ಲ. ಜಾಗ ತುಂಬಿಸಲು ಹಿಗ್ಗಿಸಿದ ಕನ್ನಡ, ಬಸ್ಸಿನ ಕಿಟಕಿಯಿಂದ ಆಸ್ಪತ್ರೆ ಹುಡುಕುವ ಅಜ್ಜಿಗೆ ಕಾಣದಿದ್ದರೆ ಬೋರ್ಡಿದ್ದೂ ಇಲ್ಲದಂತೆ.

ಹಳ್ಳಿಯಲ್ಲೂ ಇದೇ ಮಾತು. ಜಾತ್ರೆಯ ಫ್ಲೆಕ್ಸ್, ಪಂಚಾಯಿತಿ ಗೋಡೆಯ ಸೂಚನೆ, ಸಂಘದ ಬೋರ್ಡು ಯಾವುದೇ ಮಾಡಿಸಿ, ಅಚ್ಚಿಗೆ ಹೋಗುವ ಮುಂಚೆ ನಮೂನೆಯನ್ನು ಫೋನಿಗೆ ತರಿಸಿಕೊಳ್ಳಿ. ತೋಳುದ್ದ ದೂರ ಹಿಡಿದು ನೋಡಿ. ಹೊಟ್ಟೆಯ ಸೀಳು, ಕೆಳಗಿನ ಒತ್ತು ಎರಡೂ ಕಂಡರೆ ಹಾಕಿಸಿ. ಕಾಣದಿದ್ದರೆ ಫಾಂಟ್ ಬದಲಿಸಿ ಎನ್ನಿ. ಅಂಗಡಿಯವರಿಗೆ ಅದು ಎರಡು ನಿಮಿಷದ ಕೆಲಸ.