ಜಗಲಿ ಮೇಲಿನ ಏಣಿ

ಕುಪ್ಪಳ್ಳಿಯ ಕವಿಮನೆ ನೋಡಿದವರಿಗೆ ಮಲೆನಾಡಿನ ಜಗಲಿ ಅಂದ್ರೆ ಏನು ಅಂತ ವಿವರಿಸಬೇಕಿಲ್ಲ. ಅಲ್ಲಿಂದ ಸ್ವಲ್ಪ ದೂರದ ನಮ್ಮನೆ ಅಷ್ಟು ದೊಡ್ಡದಲ್ಲ, ಆದ್ರೆ ಜಗಲಿ ಇದೆ. 2020ರ ಮಳೆಗಾಲ, ಆಫೀಸು ಮುಚ್ಚಿ ಊರು ಸೇರಿದ್ದೆ. ಮಳೆ ಜೋರಾದ್ರೆ ಕರೆಂಟಿಲ್ಲ, ಕರೆಂಟಿಲ್ಲದಿದ್ರೆ ನೆಟ್‌ವರ್ಕ್ ಇಲ್ಲ. ಒಂಬತ್ತು ಜನ ಸೇರಿ ಚೆಸ್ ಶುರುಮಾಡಿದ್ವಿ. ಹಳೇ ಕರಿಹಲಗೆ ಮೇಲೆ ಹೆಸರು ಬರೆದು ಏಣಿ ಮಾಡಿದವನು ನಾನು.

ಚೆಸ್ ಕ್ಲಬ್ಬುಗಳ ಹಳೇ ಪದ್ಧತಿ ಇದು. ಹೆಸರುಗಳು ಒಂದರ ಕೆಳಗೊಂದು. ನಿಮಗಿಂತ ಒಂದೋ ಎರಡೋ ಮೆಟ್ಟಿಲು ಮೇಲಿರುವವರನ್ನು ಆಟಕ್ಕೆ ಕರೀಬಹುದು. ಗೆದ್ರೆ ಅವರ ಜಾಗ ನಿಮ್ಮದು, ಸೋತ್ರೆ ಇದ್ದಲ್ಲೇ ಇರ್ತೀರಿ. ಹೊಸಬರು ತಳದಿಂದ ಶುರು. ಇದರ ಪ್ರಾಣ ಇರೋದು ಇನ್ನೊಂದು ನಿಯಮದಲ್ಲಿ: ಕರೆದಾಗ ಮೇಲಿನವರು ಒಲ್ಲೆ ಅನ್ನುವ ಹಾಗಿಲ್ಲ. ವಾರದೊಳಗೆ ಆಡಬೇಕು, ಇಲ್ಲಾಂದ್ರೆ ಜಾಗ ಬಿಡಬೇಕು.

ನಮ್ಮ ಚದುರಂಗದ ಚರಿತ್ರೆಯಲ್ಲಿ ಈ "ಒಲ್ಲೆ ಅನ್ನುವ ಹಾಗಿಲ್ಲ" ಅನ್ನೋದು ಸಣ್ಣ ಮಾತಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನೇ ನೋಡಿ. 1799ರಲ್ಲಿ, ಐದು ವರ್ಷದ ಮಗುವಾಗಿದ್ದಾಗ ಪಟ್ಟ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅರಸರಿಗೆ ಅದು ವಾಪಸ್ ಸಿಗಲಿಲ್ಲ. ಆ ವರ್ಷಗಳಲ್ಲಿ ಅವರ ಆಸಕ್ತಿ ಆಟಗಳ ಕಡೆಗೂ ಹರಿಯಿತು. ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳಿವೆ, ಜಗನ್ಮೋಹನ ಅರಮನೆಯ ಗೋಡೆ ಮೇಲೂ ಆಟದ ಪಟಗಳಿವೆ. ಚದುರಂಗದಲ್ಲಿ ಅವರ ಹೆಸರು ಉಳಿದಿರೋದು ಕುದುರೆ ನಡೆಯಿಂದ. ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಬೇಕು. ಹೆಜ್ಜೆಗಳಿಗೆ ಕ್ರಮವಾಗಿ 1ರಿಂದ 64 ಬರೆದಾಗ ಅಡ್ಡಸಾಲು, ಉದ್ದಸಾಲುಗಳ ಮೊತ್ತ ಪ್ರತಿಸಲ 260 ಬಂದರೆ ಅದು ಅರೆ-ಮಾಯಾಚೌಕ. ಪ್ರೋಗ್ರಾಂ ಬರೆದು ಪ್ರಯತ್ನಿಸಿದವರಿಗೆ ಅದರ ಕಷ್ಟ ಗೊತ್ತು.

ಆದರೆ ಗಮನಿಸಿ, ಆ ಪಟದಲ್ಲಿ ಎದುರಾಳಿಯೇ ಇಲ್ಲ. ಒಂದೇ ಕುದುರೆ. ಅರಸನ ಎದುರು ಕೂತು ಗೆಲ್ಲೋ ಧೈರ್ಯ ಯಾರಿಗಿದ್ದೀತು? ಇದು ನನ್ನ ಊಹೆ ಅಷ್ಟೆ.

ತಳದಿಂದ ಹತ್ತಿದವರ ಕತೆ ಬೇಕಂದ್ರೆ ಪಂಜಾಬಿನ ಸುಲ್ತಾನ್ ಖಾನ್. ಕಲಿತದ್ದು ನಮ್ಮ ದೇಶದ ನಿಯಮ, ಅದರಲ್ಲಿ ಕಾಲಾಳು ಮೊದಲ ನಡೆಗೂ ಒಂದೇ ಮನೆ. ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಜೊತೆ ಲಂಡನ್ನಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, ನಡುವೆ ಕಾಪಾಬ್ಲಾಂಕಾನನ್ನೂ ಸೋಲಿಸಿದರು. ಜಮೀನ್ದಾರರು ವಾಪಸ್ ಹೊರಟಾಗ ಇವರೂ ಹೊರಟರು, ಅಂತರರಾಷ್ಟ್ರೀಯ ಆಟ ಅಲ್ಲಿಗೆ ಮುಗೀತು. ಫಿಡೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿದ್ದು 2024ರಲ್ಲಿ. ಅವರು ತೀರಿಕೊಂಡಿದ್ದು 1966ರಲ್ಲಿ!

ಆಮೇಲೆ ಅಂಕಿಗಳ ಕಾಲ. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾಡ್ ಎಲೋ ರೂಪಿಸಿದ ರೇಟಿಂಗನ್ನು 1960ರಲ್ಲಿ ಅಮೆರಿಕ, 1970ರಲ್ಲಿ ಫಿಡೆ ಒಪ್ಪಿಕೊಂಡವು. 200 ಅಂಕ ಹೆಚ್ಚಿದ್ದವನು ನಾಲ್ಕು ಆಟದಲ್ಲಿ ಸುಮಾರು ಮೂರು ಪಾಯಿಂಟ್ ತಗೋಬೇಕು ಅನ್ನೋ ಲೆಕ್ಕ. ಗ್ರ್ಯಾಂಡ್‌ಮಾಸ್ಟರ್ ಆಗಲು 2500 ಮುಟ್ಟಬೇಕು. ಕರ್ನಾಟಕದಿಂದ ಮೊದಲು ಆ ಪದವಿ ಪಡೆದವರು ಮೈಸೂರಿನ ತೇಜ್‌ಕುಮಾರ್, 2017ರಲ್ಲಿ. ಎಲೋ ಲೆಕ್ಕ ನ್ಯಾಯವಾದದ್ದೇ. ಆದರೆ ಅಂಕ ಕಳಕೊಳ್ಳೋ ಭಯಕ್ಕೆ ಆಡದೇ ಕೂರುವವರನ್ನು ಅದು ಬಲವಂತ ಮಾಡಲ್ಲ. ಏಣಿ ಮಾಡುತ್ತೆ, ಏಣಿ ನಡೆಸುವವನಿಗೆ ಬೆನ್ನುಮೂಳೆ ಇದ್ದರೆ.

ನಮ್ಮ ಏಣಿಯ ತುದಿಯಲ್ಲಿದ್ದವರು ಒಬ್ಬ ರಿಟೈರ್ಡ್ ಮೇಷ್ಟ್ರು. ತಳದಲ್ಲಿದ್ದವನು ಕೊನೆಗೌಡ, ಅಡಿಕೆ ಮರ ಹತ್ತಿ ಕೊನೆ ಇಳಿಸುವವನು, ನನ್ನದೇ ವಯಸ್ಸು. ಕರೆದರೂ ಜಗಲಿ ಮೇಲೆ ಬರ್ತಿರಲಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಕೂತು, ಕೈ ಮೇಲೆ ಚಾಚಿ ಕಾಯಿ ನಡೆಸ್ತಿದ್ದ. ಅಲ್ಲಿಂದಲೇ ಆರು ವಾರದಲ್ಲಿ ಎಂಟು ಜನರ ಪೈಕಿ ಏಳು ಜನರನ್ನು ದಾಟಿದ. ನಾನೂ ಆ ಏಳರಲ್ಲಿ ಒಬ್ಬ.

ಉಳಿದದ್ದು ಮೇಷ್ಟ್ರು. "ನಾಳೆ ನೋಡೋಣ ಮಾರಾಯ, ಕಣ್ಣು ಮಂಜು" ಅಂದ್ರು. ಮರುವಾರ ಮೊಣಕಾಲು. ಅದರ ಮರುವಾರ ಕಾರಣವೂ ಹೇಳಲಿಲ್ಲ. ನಿಯಮದ ಪ್ರಕಾರ ನಾನು ಹಲಗೆ ಒರೆಸಿ ಹೆಸರು ಬದಲಾಯಿಸಬೇಕಿತ್ತು. ನನಗೆ ಮಗ್ಗಿ ಕಲಿಸಿದ ಮೇಷ್ಟ್ರು, ಹೇಗೆ ಒರೆಸಲಿ ಅಂತ ಸುಮ್ಮನಿದ್ದೆ. ಕೊನೆಗೌಡ ಏನೂ ಕೇಳಲಿಲ್ಲ. ಅಷ್ಟರಲ್ಲಿ ಮಳೆ ಬಿಟ್ಟಿತು, ಕೊಯ್ಲು ಶುರುವಾಯ್ತು, ನಾನು ಬೆಂಗಳೂರಿಗೆ ವಾಪಸ್.

ಕಳೆದ ಸಲ ಊರಿಗೆ ಹೋದಾಗ ತೋಟದಲ್ಲಿ ಸಿಕ್ಕಿದ್ದ. "ಈ ಮಳೆಗಾಲ ಏಣಿ ಹಾಕ್ತೀರಾ ಅಣ್ಣ?" ಅಂದ. ಹಾಕ್ತೀನಿ ಅಂದೆ. ಹಲಗೆ ಇನ್ನೂ ಅಟ್ಟದಲ್ಲಿದೆ, ಮೇಷ್ಟ್ರ ಹೆಸರು ಮೇಲೇ ಇದೆ. ತೀರ್ಥಹಳ್ಳಿ ಪೇಟೆಯಲ್ಲಿ ಒಂದೇ ಎತ್ತರದ ಎರಡು ಸ್ಟೂಲು ತಗೊಂಡು ಅಂಗಳದಲ್ಲಿಟ್ಟು ಬಂದಿದ್ದೀನಿ.